ಅನುಮಾನದ ಸಾಹೇಬರು ಮತ್ತು ಹಳೇ ಕಂಪ್ಯೂಟರು

ಅವರನ್ನು ಮಣ್ಣು ಮಾಡಿದ ದಿನ, ಗುಣಿ ತೋಡಿದವನು ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಾ ನನ್ನ ಪಕ್ಕ ಬಂದು ನಿಂತ. "ಸಾಹೇಬ್ರು ಎದ್ದು ಕೂತ್ರೆ ಟೇಪು ತರ್ಸಿ ಅಳತಿ ನೋಡಿ, ಒಂದು ಮೂಲಿ ಸೊಟ್ಟ ಐತೆ, ಇಳಿಯಲ್ಲ ಅಂತಿದ್ರು ನೋಡ್ರಿ" ಅಂದ. ಹತ್ತಿರ ನಿಂತಿದ್ದವರು ನಗು ತಡೆಯಲಾರದೆ ಕೆಮ್ಮಿದರು. ವಿಭೂತಿ ಗಟ್ಟಿಗಳನ್ನು ಒಳಗೆ ಇಳಿಸುವಾಗ ನನ್ನ ತಲೆಯಲ್ಲೂ ಅಂಥದ್ದೇ ಓಡುತ್ತಿತ್ತು. ಇವರಾಗಿದ್ದರೆ ಒಂದನ್ನು ಎತ್ತಿ ಮೂಸಿ, ಸುಣ್ಣ ಬೆರೆಸಿದ್ದಾರೆ, ವಾಪಸ್ ಕಳಿಸಿ ಎನ್ನುತ್ತಿದ್ದರು. ಆ ಗುಣಿ ತೋಡಿದವನ ಮನೆ ಮುಂದಿನ ಚರಂಡಿಯ ಬಗ್ಗೆಯೂ ಅವರು ಒಮ್ಮೆ ಪಾಲಿಕೆಗೆ ಅರ್ಜಿ ಬರೆದಿದ್ದರು. ಆ ಅರ್ಜಿಯಿಂದಲೇ ಚರಂಡಿ ರಿಪೇರಿಯಾಗಿತ್ತು. ಅದಕ್ಕೇ ಅವನು ಕರೆಯದೆ ಬಂದಿದ್ದ.

ಅವರ ಹೆಸರು ಬರೆಯುವುದಿಲ್ಲ. ಬರೆದರೆ, ಯಾರನ್ನು ಕೇಳಿ ಬರೆದಿರಿ ಎಂದು ಮೇಲಿನಿಂದಲೇ ಒಂದು ತಕರಾರು ಬಂದೀತು.

ಹರಿಹರದ ಒಂದು ಕಾರ್ಖಾನೆಯಲ್ಲಿ ಅವರು ಇನ್‌ಸ್ಪೆಕ್ಟರ್. ಹೊರಗಿನಿಂದ ಬಂದ ಮಾಲನ್ನು ಗೇಟಿನಲ್ಲೇ ಪರೀಕ್ಷೆ ಮಾಡಿ, ಸರಿಯಿದ್ದರೆ ಒಳಗೆ, ಇಲ್ಲದಿದ್ದರೆ ಬಂದ ದಾರಿಗೆ ಕಳಿಸುವ ಕೆಲಸ. ನಾನು ಅದೇ ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೆ. ನಾನು ತರಿಸುವುದು, ಅವರು ತಿರಸ್ಕರಿಸುವುದು. ನಮ್ಮಿಬ್ಬರದು ಹಾವು ಮುಂಗುಸಿ ಸಂಬಂಧ. ಖರೀದಿಯವರೆಲ್ಲ ಕಮಿಷನ್ ತಿನ್ನುತ್ತಾರೆಂಬುದು ಅವರ ಖಚಿತ ನಂಬಿಕೆ. ನಾನು ತಿನ್ನಲಿಲ್ಲ ಎಂದು ಹೇಳಿದರೆ, "ಹೌದ್ರಿ, ತಿಂದೋರು ಹಂಗೇ ಹೇಳೋದು" ಎನ್ನುತ್ತಿದ್ದರು. ನನ್ನನ್ನು ಅವರು ಹೆಸರು ಹಿಡಿದು ಕರೆದದ್ದೇ ಇಲ್ಲ. "ಏನ್ರಿ ಪರ್ಚೇಸು, ಇವತ್ತು ಯಾವ ಕಸ ತರ್ಸೀರಿ?" ಇದೇ ಅವರ ನಮಸ್ಕಾರ.

ದಾವಣಗೆರೆಯಿಂದ ಹರಿಹರಕ್ಕೆ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆವು. ಅಷ್ಟು ವರ್ಷದಲ್ಲಿ ನಾನು ಕೊಡಿಸಿದ ಚಹಾ ಅವರು ಕುಡಿಯಲಿಲ್ಲ. ಚಹಾದಲ್ಲಿ ಏನಿದೆ ಸರ್ ಎಂದರೆ, "ಚಾದಾಗೆ ಏನಿಲ್ರಿ. ಅದರ ಹಿಂದೆ ಏನು ಬರ್ತೈತೆ ಅಂತ ನೋಡಾಕತ್ತೀನಿ" ಎನ್ನುತ್ತಿದ್ದರು. ಪೆಟ್ರೋಲ್ ಬಂಕಿನಲ್ಲಿ ಸ್ಕೂಟರಿನಿಂದ ಇಳಿದು, ಸೊನ್ನೆ ಬಂದಿದೆಯೇ ಎಂದು ಬಗ್ಗಿ ನೋಡಿ, ಪೈಪು ಪೂರ್ತಿ ಸೋರುವವರೆಗೂ ಬಿಡುತ್ತಿರಲಿಲ್ಲ. ಮಂಡಕ್ಕಿ ಕೊಳ್ಳುವಾಗ ಮೇಲಿನದನ್ನು ಬಿಟ್ಟು ಚೀಲದ ತಳಕ್ಕೆ ಕೈ ಹಾಕುತ್ತಿದ್ದರು. ಮದುವೆ ಊಟದಲ್ಲಿ ಹೋಳಿಗೆಯ ಅಂಚು ಮುರಿದು ಹೂರಣ ಎಲ್ಲಿಯವರೆಗೆ ಇದೆಯೆಂದು ನೋಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. "ನಂಬಿಕೆ ದೇವ್ರ ಮನ್ಯಾಗೆ ಇರ್ಲಿ. ಗೇಟಿನಾಗೆ ಬ್ಯಾಡ" ಎಂಬುದು ಅವರ ಮಾತು.

ಆದರೆ ಒಂದು ವಿಷಯದಲ್ಲಿ ಆ ಮನುಷ್ಯನಿಗೆ ಕೈ ಮುಗಿಯಬೇಕು. ಬಾಯಲ್ಲಿ ಯಾರನ್ನು ಬೇಕಾದರೂ ಕಳ್ಳ ಎನ್ನುತ್ತಿದ್ದರು, ಕಾಗದದ ಮೇಲೆ ಎಂದೂ ಅಂದವರಲ್ಲ. "ಅನುಮಾನಕ್ಕ ಬಾಯಿ ಐತೆ. ಕಾಗದಕ್ಕ ಸಾಬೀತು ಬೇಕು" ಎನ್ನುತ್ತಿದ್ದರು. ಅವರು ಸಹಿ ಹಾಕಿ ತಿರಸ್ಕರಿಸಿದ ಮಾಲು ಆಮೇಲೆ ಸರಿ ಇತ್ತು ಎಂದು ಯಾರೂ ತೋರಿಸಲಾಗಲಿಲ್ಲ. ನಾನು ಪ್ರಯತ್ನಪಟ್ಟು ಸೋತವನು. ಅವರಿಗಿದ್ದ ಹೆಮ್ಮೆ ಅದೊಂದೇ. ಮನೆ, ಮಗಳ ಓದು, ಯಾವುದರ ಬಗ್ಗೆಯೂ ಕೊಚ್ಚಿಕೊಂಡವರಲ್ಲ. "ನನ್ನ ಸಹಿಯಿಂದ ಯಾವ ನಿರಪರಾಧಿ ಹೊಟ್ಟಿ ಮ್ಯಾಲೂ ಹೊಡ್ತ ಬಿದ್ದಿಲ್ಲ" ಎಂದು ಮಾತ್ರ ಆಗಾಗ ಹೇಳುತ್ತಿದ್ದರು.

ನಿವೃತ್ತಿಯಾದ ಮೇಲೆ ನಾವಿಬ್ಬರೂ ದೇವರಾಜ ಅರಸು ಬಡಾವಣೆಯಲ್ಲಿ ಹಿಂದುಮುಂದಿನ ಬೀದಿಯವರಾದೆವು. ಅವರ ಮನೆಯ ಹಾಲ್‌ನಲ್ಲಿ ಒಂದು ಕಂಪ್ಯೂಟರ್ ಇತ್ತು. ಮಗಳು ಇಂಜಿನಿಯರಿಂಗ್ ಓದುವಾಗ ತಂದದ್ದು. ಮಗಳು ಮದುವೆಯಾಗಿ ಹರಿಹರಕ್ಕೆ ಹೋದಳು, ಕಂಪ್ಯೂಟರ್ ತಂದೆಗೆ ಉಳಿಯಿತು. ಗೇಟು ಇಲ್ಲದ ಇನ್‌ಸ್ಪೆಕ್ಟರ್ ಊರನ್ನೇ ಗೇಟು ಮಾಡಿಕೊಂಡರು. ಬೀದಿ ದೀಪ, ನಲ್ಲಿ ನೀರು, ಹೊಸ ರಸ್ತೆಯ ಡಾಂಬರಿನ ದಪ್ಪ, ಎಲ್ಲದರ ಮೇಲೂ ಅರ್ಜಿ. ಸ್ಕೇಲು ಹಿಡಿದು ಅಳೆದು, ಫೋಟೋ ತೆಗೆದು, ಆಮೇಲೆ ಟೈಪು ಮಾಡುತ್ತಿದ್ದರು. ಪಾಲಿಕೆಯ ಗುಮಾಸ್ತರು ಇವರ ಸ್ಕೂಟರ್ ಶಬ್ದ ಕೇಳಿದರೆ ಊಟಕ್ಕೆ ಏಳುತ್ತಿದ್ದರಂತೆ.

ಒಂದು ಬೆಳಿಗ್ಗೆ ಗೇಟಿನ ಹೊರಗೆ ನಿಂತೇ ನನ್ನನ್ನು ಕರೆದರು. "ಪರ್ಚೇಸು, ಬರ್ರಿ ಇಲ್ಲಿ. ಕಂಪ್ಯೂಟರ್ ತಳ್ಳುಗಾಡಿ ಆಗೇತೆ. ರಿಪೇರಿ ಮಾಡ್ಸೋದಾ, ಹೊಸಾದು ತಗೊಳ್ಳೋದಾ ನೋಡ್ಬೇಕು. ಅಂಗಡಿಯೋರ ಆಟ ನಿಮಗ ಗೊತ್ತಿರ್ತಾವೆ."

ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಹೋದೆ. ಗುಂಡಿ ಒತ್ತಿ ಅಕ್ಕನ ಕೈಯ ಚಹಾ ಕುಡಿದು ಮುಗಿಸಿದರೂ ಪರದೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ. ಅಕ್ಕ ಎಂದರೆ ಅವರ ಮನೆಯಾಕೆ, ನಾನು ಹಾಗೆ ಕರೆಯುವುದು. ಕೊನೆಗೂ ಪರದೆ ಬೆಳಗಿದಾಗ, ಈ ಹಳೆಯ ವ್ಯವಸ್ಥೆಗೆ ಕಂಪನಿಯ ಬೆಂಬಲ ಮುಗಿಯಿತು ಎಂಬ ಸೂಚನೆ ಬಂತು. ಸಾಹೇಬರು ಅದನ್ನು ಬೆರಳಿನಿಂದ ಕುಟ್ಟಿದರು. "ನೋಡ್ರಿ. ಗಟ್ಟಿಮುಟ್ಟಾಗಿರೋ ಮಾಲಿಗೆ ಸಾಯೋ ತಾರೀಕು ಮಾಡಿದೋರೇ ಬರೀತಾರೆ. ಇದು ವ್ಯಾಪಾರ."

ಮೊದಲು ಹೋದ ಅಂಗಡಿಯವನು ಎತ್ತಿ ಎಸೆಯಿರಿ, ಹೊಸದು ಕೊಡುತ್ತೇನೆ ಎಂದ. ಮಾರುವವನು ಇನ್ನೇನು ಹೇಳುತ್ತಾನೆ ಎಂದು ಸಾಹೇಬರು ಹೊರಗೆ ಬಂದರು. ಇನ್ನೊಬ್ಬ, ಬಿಟ್ಟು ಹೋಗಿ, ಸಂಜೆ ಹೇಳುತ್ತೇನೆ ಎಂದ. ಬಿಟ್ಟು ಹೋದರೆ ಒಳಗಿನ ಅಸಲಿ ತೆಗೆದು ನಕಲಿ ಹಾಕುತ್ತಾನೆ ಎಂದು ಅದೂ ಬೇಡವಾಯಿತು. ಕಡೆಗೆ ಎಸ್.ಎಸ್. ಬಡಾವಣೆಯ ಒಂದು ಸಂದಿಯಲ್ಲಿ ಪುಟ್ಟ ಅಂಗಡಿ ಇಟ್ಟಿದ್ದ, ಮನೆಮನೆಗೆ ಹೋಗಿ ರಿಪೇರಿ ಮಾಡುವ ಒಬ್ಬ ಸಿಕ್ಕಿದ. ಊರು ಮಲೆಬೆನ್ನೂರು, ಹಾಗಾಗಿ ಎಲ್ಲರೂ ಅವನನ್ನು ಮಲೆಬೆನ್ನೂರು ಎಂದೇ ಕರೆಯುತ್ತಿದ್ದರು. ತಲೆಯಲ್ಲಿ ನರೆ ಬಂದಿದ್ದ, ಕಡಿಮೆ ಮಾತಿನ ಮನುಷ್ಯ. ಡಬ್ಬಿ ಬಿಚ್ಚಿ ನೋಡಿ, "ಹೊಸಾದು ಬ್ಯಾಡ ಬಿಡ್ರಿ ಸಾರ್. ಡಿಸ್ಕು ಬದಲಿಸಿ, ಸ್ವಲ್ಪ ರ್‍ಯಾಮ್ ಹಾಕಿದ್ರೆ ಇನ್ನೂ ಓಡ್ತೈತೆ. ನೀವು ಟೈಪು ಮಾಡಾಕ ಇದು ಸಾಕು" ಎಂದ.

ನನಗೆ ಸಮಾಧಾನವಾಯಿತು. ಅವರಿಗೆ ಅನುಮಾನ ಇಮ್ಮಡಿಯಾಯಿತು. ದಾರಿಯಲ್ಲಿ ನನ್ನ ತೋಳು ಹಿಡಿದು ನಿಲ್ಲಿಸಿ, "ವ್ಯಾಪಾರಿ ಬ್ಯಾಡ ಅಂದ ಅಂದ್ರೆ ಅದರಾಗೆ ಏನೋ ಐತ್ರಿ" ಎಂದರು. ಆದರೂ ಸಾಬೀತಿಲ್ಲದ್ದರಿಂದ ಒಪ್ಪಿದರು. ರಿಪೇರಿ ಮನೆಯಲ್ಲೇ, ಅವರ ಕಣ್ಣೆದುರೇ ಆಗಬೇಕೆಂಬ ಷರತ್ತು. ಹಿಂದಿನ ದಿನವೇ ಡಬ್ಬಿ ಬಿಚ್ಚಿ, ಅಕ್ಕನ ಹಳೆಯ ಉಗುರುಬಣ್ಣ ಹುಡುಕಿ, ಬದಲಿಸಿದರೆ ಗೊತ್ತಾಗಲೆಂದು ಒಳಗಿನ ಒಂದೊಂದು ಭಾಗಕ್ಕೂ ಕೆಂಪು ಚುಕ್ಕೆ ಇಟ್ಟರು. ಮಲೆಬೆನ್ನೂರಿನವನು ಬಂದು ಬಿಚ್ಚಿ ನೋಡಿ, ಚುಕ್ಕೆಗಳ ನಡುವೆಯೇ ಕೆಲಸ ಶುರು ಮಾಡಿದ. ಅರಿಶಿನ ಕುಂಕುಮ ಇಟ್ಟ ಕಂಪ್ಯೂಟರುಗಳನ್ನೂ ಅವನು ಆಯುಧ ಪೂಜೆಯ ಮರುದಿನ ಬಿಚ್ಚಿದವನೇ. ಸಾಹೇಬರು ಕುರ್ಚಿ ಎಳೆದುಕೊಂಡು ಅವನ ಮೊಣಕೈಗೆ ತಾಗುವಷ್ಟು ಹತ್ತಿರ ಕೂತಿದ್ದರು.

ಕಂಪ್ಯೂಟರ್ ಚುರುಕಾಯಿತು. ಆದರೆ ಸ್ವಲ್ಪ ದಿನಕ್ಕೇ ಹೊಸ ದೂರು ಶುರುವಾಯಿತು. ಬರೆದಿಟ್ಟ ಅರ್ಜಿಗಳು ಕಾಣೆಯಾಗುತ್ತಿವೆ. ಯಾರೋ ಪಾಸ್‌ವರ್ಡ್ ಬದಲಿಸುತ್ತಿದ್ದಾರೆ. ಪ್ರತಿ ಸಲ ಮಲೆಬೆನ್ನೂರಿನವನು ಬಂದು ತೆರೆದುಕೊಡುತ್ತಿದ್ದ, ಅರ್ಜಿಗಳನ್ನು ಹುಡುಕಿಕೊಡುತ್ತಿದ್ದ. ಸಾಹೇಬರ ಲೆಕ್ಕ ಸರಳವಾಗಿತ್ತು. "ಅವನಿಗ ಹೆಂಗೆ ಗೊತ್ತಾಗ್ತೈತ್ರಿ ಎಲ್ಲಿ ಅದಾವೆ ಅಂತ? ಇಟ್ಟೋನಿಗೇ ಗೊತ್ತಿರ್ತೈತೆ. ನನ್ನ ಅರ್ಜಿ ಎಲ್ಲಾ ರಸ್ತೆ ಕಂತ್ರಾಟುದಾರನಿಗೆ ಹೋಗಾಕತ್ತಾವೆ."

ಸುಳ್ಳು ಯಾಕೆ, ನನಗೂ ಅನುಮಾನ ಬಂತು. ಖರೀದಿಯಲ್ಲಿ ಬದುಕು ಸವೆಸಿದವನು ನಾನು. ಮಾಡಿದ ಕೆಲಸಕ್ಕೆ ಮತ್ತೆ ಮತ್ತೆ ಬೇಸರವಿಲ್ಲದೆ ಬರುವ ರಿಪೇರಿಯವನನ್ನು ನಾನೂ ಕಂಡಿರಲಿಲ್ಲ. ಒಂದು ದಿನ ತರಕಾರಿ ತರಲು ಹೋಗುವಾಗ, ಮೂಲೆಯ ಹೊಂಗೆ ಮರದಡಿ ಅವನು ಸ್ಕೂಟರ್ ನಿಲ್ಲಿಸಿಕೊಂಡು ನಿಂತಿದ್ದ. ಎದುರಿಗೆ ಅಕ್ಕ. ತಲೆಯ ಮೇಲೆ ಸೆರಗು, ಮಾತು ಪಿಸುಮಾತು. ನನ್ನನ್ನು ಕಂಡದ್ದೇ ಇಬ್ಬರೂ ಬಾಯಿ ಮುಚ್ಚಿದರು. ಸಾಹೇಬರು ಹೇಳುವುದರಲ್ಲಿ ಏನೋ ಇದೆ ಎಂದು ಅಂದುಕೊಂಡು, ಅವನು ಹೊರಟ ಮೇಲೆ ನೇರ ಅವನ ಅಂಗಡಿಗೇ ಹೋಗಿ ಅವನನ್ನು ಹಿಡಿದುಕೊಂಡೆ.

ಅವನು ಸ್ಟೂಲು ಕೊಟ್ಟು, ತಾನು ನಿಂತೇ ಹೇಳಿದ. "ಮಷಿನ್ ಚಂದೈತೆ ಸಾರ್. ಯಾರೂ ಏನೂ ಕದ್ದಿಲ್ಲ. ಅಮ್ಮಾರು ಕೈ ಮುಗ್ದು ಹೇಳ್ಯಾರೆ, ಸಾಹೇಬ್ರು ಕೇಳಿದ್ರೆ ತಪ್ಪು ಮಷಿನ್‌ದೇ ಅನ್ನಪ್ಪ, ಹಳೇದಾಗೇತೆ ಅನ್ನಪ್ಪ ಅಂತ. ಹಂಗಾಗಿ ಅಂತೀನಿ."

ಅಲ್ಲಿಂದ ಅಕ್ಕನ ಬಳಿ ಹೋದೆ. ಸಾಹೇಬರು ಪಾಲಿಕೆಗೆ ಹೋಗಿದ್ದರು. ಅಕ್ಕ ಅಡುಗೆಮನೆಯ ಬಾಗಿಲಿಗೆ ಒರಗಿ, ನನ್ನ ಮುಖ ನೋಡದೆ ಹೇಳಿದರು. "ಮೊನ್ನೆ ಹೈಸ್ಕೂಲ್ ಮೈದಾನದತ್ರ ಸ್ಕೂಟರ್ ನಿಲ್ಸಿ, ನಡ್ಕೊಂಡು ಮನಿಗೆ ಬಂದ್ರು. ಸ್ಕೂಟರ್ ಕದ್ದಾರೆ ಅಂದ್ರು. ನಾನೇ ಹೋಗಿ ನೋಡ್ಕೊಂಡು ಬಂದೆ. ಸಾರಿಗೆ ಉಪ್ಪು ತಾವೇ ಹಾಕ್ತಾರೆ, ಮತ್ತ ಹಾಕ್ತಾರೆ, ಯಾರೋ ಉಪ್ಪು ಸುರುವ್ಯಾರೆ ಅಂತಾರೆ. ಮಗಳಿಗೂ ಹೇಳಿಲ್ಲ. ಮರೀತಿರೋದು ತಾವೇ ಅಂತ ಅವರಿಗ ಗೊತ್ತಾದ್ರೆ ಒಡ್ದುಹೋಗ್ತಾರೆ ತಮ್ಮಾ. ಮಷಿನ್ ಮ್ಯಾಲೆ ಹಾಕಿದ್ರೆ ಯಾರಿಗೂ ನೋವಿಲ್ಲ ಅಂದ್ಕೊಂಡೆ."

ಬೇರೆ ಯಾರಾದರೂ ಹೀಗೆ ಕಂಡವರನ್ನೆಲ್ಲ ಕಳ್ಳರೆಂದಿದ್ದರೆ ಮೊದಲ ವಾರವೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆವು. ಇವರು ಹುಟ್ಟಾ ಅನುಮಾನದವರು. ಸ್ವಭಾವವಾಗಿದ್ದ ಆ ಅನುಮಾನ ಯಾವ ದಿನ ರೋಗವಾಯಿತು ಎಂಬುದು ನಮಗೆ ಯಾರಿಗೂ ಕಾಣಲಿಲ್ಲ. ನಾವು ನಗುತ್ತಿದ್ದೆವು.

ಮಷಿನ್ ಮೇಲೆ ಹಾಕಿದರೆ ಯಾರಿಗೂ ನೋವಿಲ್ಲ ಎಂದಿದ್ದರು ಅಕ್ಕ. ಆದರೆ ಸಾಹೇಬರು ಅದನ್ನು ಮಷಿನ್ ಮೇಲೆ ಬಿಡಲಿಲ್ಲ. ಕೆಲವೇ ದಿನಕ್ಕೆ ನನ್ನನ್ನು ಕರೆದು, ಕೈಬರಹದ ಒಂದು ಕಾಗದ ಮುಂದೆ ಹಿಡಿದರು. ಪೊಲೀಸ್ ಠಾಣೆಗೆ ದೂರು. ಮಲೆಬೆನ್ನೂರಿನವನು ಕಂಪ್ಯೂಟರಿನಿಂದ ದಾಖಲೆ ಕದ್ದು ಮಾರಿದ್ದಾನೆ ಎಂದು ಬರೆದಿತ್ತು. ಕೆಳಗೆ ಸಾಕ್ಷಿಯ ಸಹಿಗೆ ಜಾಗ. ಜನ ನಂಬಿ ಮನೆಯೊಳಗೆ ಬಿಟ್ಟುಕೊಳ್ಳುತ್ತಾರೆ ಎಂಬುದರ ಮೇಲೆ ಬದುಕುವವನು ಅವನು. ಒಂದು ಸಲ ಪೊಲೀಸರು ಅವನ ಅಂಗಡಿಗೆ ಬಂದು ಹೋದರೆ ಸಾಕು, ಯಾವ ಮನೆಯವರೂ ಮತ್ತೆ ಬಾಗಿಲು ತೆಗೆಯುವುದಿಲ್ಲ. ಮತ್ತು ಆ ಕಾಗದದ ಕೆಳಗೆ ಇದ್ದದ್ದು ಸಾಹೇಬರ, ಎಂದೂ ಸುಳ್ಳಾಗದ ಸಹಿ.

"ಸಾಬೀತು ಎಲ್ಲೈತೆ ಸಾರ್?" ಎಂದೆ.

"ಇದೇ ಸಾಬೀತು. ಪಾಸ್‌ವರ್ಡ್ ಬದ್ಲಾಗೇತೆ."

"ಯಾರು ಬದಲಿಸಿದ್ರು ಅಂತ ನೋಡೀರಾ?"

ಅವರು ನನ್ನನ್ನು ದಿಟ್ಟಿಸಿದರು. ಅಷ್ಟು ವರ್ಷ ಬೈದಿದ್ದರು, ಆದರೆ ಹಾಗೆ ಯಾವತ್ತೂ ನೋಡಿರಲಿಲ್ಲ. "ನೀವೂ ಸೇರೀರಿ" ಎಂದರು. "ಎಷ್ಟಾದ್ರೂ ಪರ್ಚೇಸು. ಹೋಗ್ರಿ ಹೊರಗೆ."

ಹೋಗುವ ಮೊದಲು ಒಂದು ಮಾತು ಹೇಳಿದೆ. ಸಿಟ್ಟಿನಲ್ಲಿ ಹೇಳಿದೆನೋ, ಉಪಾಯಕ್ಕೆ ಹೇಳಿದೆನೋ ನನಗೇ ತಿಳಿಯದು. "ತಕರಾರಿನ ಮಾಲನ್ನ ನೀವು ಸೀಲು ಹಾಕದೆ ಹಂಗೇ ಬಿಡ್ತಿದ್ರೇನು ಸಾರ್?"

ಕಾರ್ಖಾನೆಯಲ್ಲಿ ಅದೊಂದು ಕ್ರಮವಿತ್ತು. ಯಾವುದಾದರೂ ಮಾಲಿನ ಬಗ್ಗೆ ಜಗಳ ಬಂದರೆ, ಪೆಟ್ಟಿಗೆಗೆ ದಾರ ಸುತ್ತಿ, ಗಂಟಿನ ಮೇಲೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಅಡ್ಡ ಸಹಿ ಹಾಕುತ್ತಿದ್ದರು. ಯಾರಾದರೂ ಮುಟ್ಟಿದರೆ ಸಹಿ ಹರಿಯುತ್ತಿತ್ತು. ಅವರು ದೂರಿನ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ಎರಡು ದಿನದ ಮೇಲೆ, ಹತ್ತು ಗಂಟೆಯ ಬಿಸಿಲಲ್ಲಿ, ಅವರು ನಮ್ಮ ಮನೆಗೆ ಬಂದರು. ಅಷ್ಟು ವರ್ಷದಲ್ಲಿ ನಮ್ಮ ಹೊಸ್ತಿಲು ದಾಟಿದ್ದು ಅದೇ ಮೊದಲು. ಕೂಡ್ರಿ ಎಂದೆ. ಕೂತರು. ನನ್ನ ಹೆಂಡತಿ ಚಹಾ ತಂದಿಟ್ಟಳು, ಅದನ್ನು ಮುಟ್ಟಲಿಲ್ಲ.

"ಮನಿಯಾಕಿನ್ನ ಹರಿಹರಕ್ಕ ಮಗಳ ಮನಿಗೆ ಕಳ್ಸಿದ್ದೆ" ಎಂದು ಶುರು ಮಾಡಿದರು. "ಮನ್ಯಾಗೆ ನಾನೊಬ್ನೇ. ಹೊಸ ಪಾಸ್‌ವರ್ಡ್ ಹಾಕ್ದೆ. ದಾರ ಸುತ್ತಿ, ಪಟ್ಟಿ ಅಂಟಿಸಿ, ಸಹಿ ಹಾಕ್ದೆ. ಮುಂದಿನ ಬಾಗ್ಲು, ಹಿಂದಿನ ಬಾಗ್ಲು ಬೀಗ. ಬೆಳಿಗ್ಗೆ ಎದ್ದು ನೋಡಿದೆ. ಸೀಲು ಹಂಗೇ ಐತೆ. ಒಂದು ಎಳೀನೂ ಹಂದಾಡಿಲ್ಲ."

ನಾನು ಚಹಾದ ಲೋಟವನ್ನು ಅವರತ್ತ ಸರಿಸಿದೆ.

"ಸೀಲು ಒಡ್ದೆ. ಕೂತೆ. ಪಾಸ್‌ವರ್ಡ್ ಬರ್ಲಿಲ್ಲ." ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಬರ್ದಿಡೋದು ಕಳ್ಳನಿಗ ದಾರಿ ತೋರ್ಸಿದಂಗೆ ಅಂತ ಬರ್ದಿರ್ಲಿಲ್ಲ. ಹೆಂಗೂ ಮರಿಯೋದಿಲ್ಲ ಅಂತ ಮಗಳ ಹೆಸ್ರೇ ಹಾಕಿದ್ದೆ. ಬಿಸ್ಲು ಏರೋ ತನಕ ಕೂತೆ ಪರ್ಚೇಸು. ಬರ್ಲಿಲ್ಲ. ಆಮ್ಯಾಲೆ ಮಗಳೇ ಫೋನ್ ಮಾಡಿದ್ಲು. ಫೋನಿನ ಮ್ಯಾಲೆ ಹೆಸ್ರು ಬಂತು."

ಒಳಗೆ ಕುಕ್ಕರ್ ಕೂಗಿತು. ನನ್ನ ಹೆಂಡತಿ ಹೋಗಿ ಒಲೆ ಆರಿಸಿದ್ದು ಕೇಳಿಸಿತು. ನನಗೆ ತಡೆಯಲಾಗಲಿಲ್ಲ. ಅಕ್ಕ ಹೇಳುತ್ತಿದ್ದ ಸುಳ್ಳೇ ನನ್ನ ಬಾಯಿಗೂ ಬಂತು. "ಹಳೇ ಮಷಿನ್ ಸಾರ್ ಅದು. ಎಷ್ಟು ತೇಪೆ ಹಾಕಿದ್ರೂ ಅಷ್ಟೇ. ಈ ಸಲ ಹೊಸದೇ ತಗೊಂಡುಬಿಡೋಣ. ನಾನೇ ಬರ್ತೀನಿ, ಚೌಕಾಸಿ ಮಾಡಿ ಕೊಡಿಸ್ತೀನಿ."

ಅವರು ಕನ್ನಡಕ ಹಾಕಿಕೊಂಡು ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ. "ಕಡೀಗೂ ಕೆಟ್ಟ ಮಾಲು ದಾಟ್ಸಾಕ ನೋಡಿದ್ರಿ" ಎಂದರು. "ಮಷಿನ್ ಸರಿ ಐತ್ರಿ. ಅವನೂ ಸರಿ ಅದಾನೆ. ಬದ್ಲಿ ಮಾಡೋದು ಏನೂ ಇಲ್ಲ." ಜೇಬಿನಿಂದ ದೂರಿನ ಕಾಗದ ತೆಗೆದು, ಮೊದಲು ಸಹಿಯಿದ್ದ ಭಾಗವನ್ನು ಹರಿದು, ಆಮೇಲೆ ಉಳಿದದ್ದನ್ನು ಹರಿದರು. ಚೂರುಗಳನ್ನು ಮಡಿಚಿ ತಮ್ಮ ಜೇಬಿಗೇ ಹಾಕಿಕೊಂಡರು. ನಮ್ಮ ಮನೆಯ ಕಸದ ಬುಟ್ಟಿಯನ್ನೂ ನಂಬಲಿಲ್ಲ. ಆಮೇಲೆ ಎದ್ದು, ಗುರುವಾರ ಡಾಕ್ಟರ ಹತ್ತಿರ ಹೋಗುವುದಿದೆ, ನೀವೂ ಬರಬೇಕು ಎಂದರು.

ಆ ಗುರುವಾರ ಸಾಹೇಬರು, ಹರಿಹರದಿಂದ ಮರಳಿದ್ದ ಅಕ್ಕ, ನಾನು, ಮೂವರೂ ಆಟೋದಲ್ಲಿ ಹೋದೆವು. ನರರೋಗದ ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮಾತು ಮೆಲ್ಲಗೆ. ಮರೆವು ಇದೆಯೇ ಎಂದು ಕೇಳಿದರು. ಅಕ್ಕ ಥಟ್ಟನೆ, "ಹಂಗೇನಿಲ್ರಿ ಡಾಕ್ಟ್ರೇ, ವಯಸ್ಸಾತಲ್ಲ, ಎಲ್ರಿಗೂ ಇದ್ದದ್ದೇ" ಎಂದರು. ಡಾಕ್ಟರು ಸಾಹೇಬರ ಕಡೆ ತಿರುಗಿ, ಮನೆಯಲ್ಲಿ ವಸ್ತುಗಳು ಕಳೆದುಹೋಗುತ್ತವೆಯೇ, ಯಾರಾದರೂ ತೆಗೆದರೆಂದು ಅನಿಸುತ್ತದೆಯೇ ಎಂದು ಕೇಳಿದರು.

"ಇಲ್ಲ" ಎಂದರು ಸಾಹೇಬರು. ಹೇಳಿದ ಕೂಡಲೇ ನಿಲ್ಲಿಸಿದರು. ತಮ್ಮ ಬಾಯಿಂದ ಬಂದ ಆ ಒಂದು ಮಾತನ್ನು ತಾವೇ ತಿರುಗಿಸಿ ಮುರುಗಿಸಿ ನೋಡುತ್ತಿರುವಂತೆ ಕಂಡರು. ನಾನು ನೆಲ ನೋಡುತ್ತಿದ್ದೆ.

"ಡಾಕ್ಟ್ರೇ" ಎಂದರು, "ನಾನು ಹೇಳೋದನ್ನ ಇನ್ನು ನಂಬಬ್ಯಾಡ್ರಿ. ಇಕಿನ್ನ ಕೇಳ್ರಿ." ಆಮೇಲೆ ಅಕ್ಕನ ಕಡೆ ತಿರುಗಿದರು. "ಪರ್ಚೇಸಿನಂಗೆ ನೀನೂ ಮಷಿನ್ ಮ್ಯಾಲೆ ಹಾಕಬ್ಯಾಡ. ಇದ್ದದ್ದು ಇದ್ದಂಗೆ ಹೇಳು."

ಅಕ್ಕ ನನ್ನ ಮುಖ ನೋಡಿದರು, ಅವರ ಮುಖ ನೋಡಿದರು. ಕಣ್ಣೊರೆಸಿಕೊಂಡು, ಸ್ಕೂಟರಿನಿಂದ ಶುರು ಮಾಡಿದರು. ಉಪ್ಪು, ಬೀಗದ ಕೈ, ತಿರುವು ತಪ್ಪಿ ಬೇರೆಯವರ ಮನೆಯ ಬೆಲ್ಲು ಒತ್ತಿದ್ದು, ಮಲೆಬೆನ್ನೂರಿನವನ ಮುಂದೆ ಕೈ ಮುಗಿದದ್ದು, ನನಗೂ ಗೊತ್ತಿಲ್ಲದ ಎಷ್ಟೋ. ಸಾಹೇಬರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಸ್ವಲ್ಪ ಮುಂದಕ್ಕೆ ಬಾಗಿ, ಒಂದೊಂದು ಮಾತನ್ನೂ ಕೇಳಿದರು. ಒಂದಕ್ಕೂ ತಕರಾರು ಮಾಡಲಿಲ್ಲ.